ಕಡ್ಡಿಯ ಮೇಲಿನ ಗೆರೆ

ಮಾರ್ಚ್ ಹದಿನಾಲ್ಕು, ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಗ್ಯಾರೇಜಿನ ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿದ್ದ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು ನಿಂತಿದ್ದ.

ಟಕ್ ಟಕ್ ಟಕ್ ಟಕ್.

"ಯಾರೂ ಮಾತಾಡಬೇಡಿ," ಎಂದ. ಯಾರೂ ಮಾತಾಡುತ್ತಿರಲಿಲ್ಲ.

ಅಮ್ಮ ಕಾರು ಓಡಿಸುವುದನ್ನು ಕಲಿಸುವ ಟೀಚರ್. ಆ ಹಳೇ ಬಿಳಿ ಕಾರೇ ಅವಳ ಕ್ಲಾಸ್‌ರೂಮು. ಬೆಳಿಗ್ಗೆಯ ಪಾಠದ ನಡುವೆ ಈ ಸದ್ದು ಶುರುವಾಗಿತ್ತು. ಸ್ಟಿಯರಿಂಗ್ ಹಿಡಿದಿದ್ದ ಅಂಕಲ್ ತಾನೇನೂ ಮುಟ್ಟಿಲ್ಲ ಎಂದು ಎರಡೂ ಕೈ ಮೇಲೆತ್ತಿಬಿಟ್ಟಿದ್ದರಂತೆ, ಕಾರು ಓಡುತ್ತಿರುವಾಗಲೇ. ಬೇರೆ ದಿನವಾಗಿದ್ದರೆ ಅಮ್ಮ ಅದನ್ನು ಹೇಳಿ ಹೇಳಿ ನಗುತ್ತಿದ್ದಳು. ಇವತ್ತು ಅವಳ ಮುಖ ಗಂಟಿಕ್ಕಿತ್ತು. ಸದ್ದು ಎಂಜಿನ್ನಿನ ತಳದಿಂದ ಬರುತ್ತಿದ್ದರೆ ಎಲ್ಲವನ್ನೂ ಬಿಚ್ಚಬೇಕು, ಒಂದು ತಿಂಗಳು ಕಾರಿಲ್ಲ ಎಂದು ಮೇಸ್ತ್ರಿ ಮೊದಲೇ ಹೇಳಿದ್ದ. ಕಾರಿಲ್ಲ ಎಂದರೆ ಪಾಠವೂ ಇಲ್ಲ.

ಮಗಳು ಅಮ್ಮನ ಪಕ್ಕದಲ್ಲೇ ನಿಂತಿದ್ದಳು. ಅವಳಿಗೆ ಹತ್ತು ವರ್ಷ. ಮೂಗಿನ ತುದಿಯಲ್ಲೇ ಕೋಪ, ಅದಕ್ಕೇ ಮೇಸ್ತ್ರಿ ಅವಳನ್ನು ಪಟಾಕಿ ಎಂದು ಕರೆಯುತ್ತಿದ್ದ.

ಮೇಸ್ತ್ರಿ ಸ್ಕ್ರೂಡ್ರೈವರನ್ನು ಕೆಳಗೆ ಒತ್ತಿ ಕೇಳಿದ, ಮೇಲೆ ಒತ್ತಿ ಕೇಳಿದ. "ತಳ ಚೆನ್ನಾಗಿದೆ ಮೇಡಂ. ಮೇಲುಗಡೆ ಬಡಕೊಳ್ತಿದೆ. ಅಲ್ಲಿಗೆ ಆಯಿಲ್ ಹತ್ತುತ್ತಿಲ್ಲ."

ಎಂಜಿನ್ ಆಫ್ ಮಾಡಿ, ಸ್ವಲ್ಪ ಹೊತ್ತು ಕಾದು, ಆಯಿಲ್ ನೋಡುವ ಕಡ್ಡಿಯನ್ನು ಎಳೆದ. ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆದ. ಕಡ್ಡಿಯ ಮೇಲೆ ಎರಡು ಗೆರೆಗಳಿದ್ದವು. ಆಯಿಲ್ ಅವೆರಡರ ನಡುವೆ ಇರಬೇಕು. ಈಗ ಒದ್ದೆಯಾಗಿದ್ದದ್ದು ಕೆಳಗಿನ ಗೆರೆಗಿಂತಲೂ ಕೆಳಗೆ, ಬರೀ ತುದಿ.

ಅಮ್ಮ ತಿರುಗಿದಳು. ಪ್ರತಿ ಶನಿವಾರ ಬೆಳಿಗ್ಗೆ ಆಯಿಲ್ ಚೆಕ್ ಮಾಡುವುದು ಪಟಾಕಿಯ ಕೆಲಸವಾಗಿತ್ತು.

"ಬೆಳಿಗ್ಗೆ ಏನಂದೆ ನೀನು?"

"ಫುಲ್ ಇದೆ ಅಂದೆ. ಫುಲ್ ಇತ್ತು."

"ಎರಡು ಗಂಟೆಯಲ್ಲಿ ಎಲ್ಲಿಗೆ ಹೋಯ್ತು? ಲೀಕ್ ಇಲ್ಲ, ಹೊಗೆ ಇಲ್ಲ. ನೋಡಿಲ್ಲ ಅಂದ್ರೆ ನೋಡಿಲ್ಲ ಅನ್ನು. ಸುಳ್ಳು ಯಾಕೆ ಹೇಳ್ತೀಯ?"

ಪಟಾಕಿಯ ಕಿವಿ ಬಿಸಿಯಾಯಿತು. ಮೇಸ್ತ್ರಿ ನಗುತ್ತಾ, ಬಾನೆಟ್ ಎತ್ತುವುದು ಮಕ್ಕಳಿಗೆ ಆಟ ಬಿಡಿ ಎಂದದ್ದು ಉರಿಯುವ ಬೆಂಕಿಗೆ ಎಣ್ಣೆ ಹೊಯ್ದಂತಾಯಿತು. ಇನ್ನು ಮೇಲೆ ಕಾರಿನ ತಂಟೆಗೇ ಬರಬೇಡ ಎಂದಳು ಅಮ್ಮ, ಅದೂ ಗ್ಯಾರೇಜಿನವರೆಲ್ಲ ಕೇಳುವಂತೆ.

ಮೇಸ್ತ್ರಿ ಆಯಿಲ್ ಸುರಿದ. ಕಡ್ಡಿ ಅದ್ದಿ ಅಮ್ಮ ಮಗಳಿಬ್ಬರಿಗೂ ತೋರಿಸಿದ. ಸರಿಯಾಗಿ ಮೇಲಿನ ಗೆರೆಗೆ. ಎಂಜಿನ್ ಓಡಿಸಿದ. ಟಕ್ ಟಕ್ ಸದ್ದು ಸಣ್ಣದಾಗುತ್ತಾ ಹೋಗಿ, ನಿಂತೇಹೋಯಿತು. ಅಮ್ಮ ಕಣ್ಣುಮುಚ್ಚಿ ಉಸಿರು ಬಿಟ್ಟಳು.

ಪಟಾಕಿಯ ಸಿಟ್ಟು ಮಾತ್ರ ನಿಲ್ಲಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು, ಅಮ್ಮನ ಜಡೆಯನ್ನು ದುರುಗುಟ್ಟಿ ನೋಡುತ್ತಾ, ಹೇಳಬೇಕಾದ ಮಾತುಗಳನ್ನೆಲ್ಲ ಸಾಲಾಗಿ ಜೋಡಿಸಿಟ್ಟುಕೊಂಡಳು.

ಮನೆ ಮುಂದೆ ಕಾರು ನಿಂತಿತೋ ಇಲ್ಲವೋ, ಇಳಿದು ಬಾನೆಟ್ಟಿನ ಮುಂದೆ ಹೋಗಿ ನಿಂತಳು.

"ತೆಗಿ. ಈಗಲೇ ನೋಡು."

"ಎಂಜಿನ್ ಬಿಸಿ ಇದೆ. ಒಳಗೆ ನಡಿ."

"ತಣ್ಣಗಾಗಲಿ. ಕಾಯ್ತೀನಿ."

ಕೈಕಟ್ಟಿ ನಿಂತೇಬಿಟ್ಟಳು. ಅಮ್ಮ ಒಳಗೆ ಹೋಗಿ, ಹೊರಗೆ ಬಂದು, ಮತ್ತೆ ಒಳಗೆ ಹೋದಳು. ಕೊನೆಗೆ ಸಿಡಿಮಿಡಿಗುಟ್ಟುತ್ತಲೇ ಬಂದು ಬಾನೆಟ್ ಎತ್ತಿ ಕಡ್ಡಿ ಎಳೆದಳು. ಒರೆಸಿ, ಅದ್ದಿ, ಮತ್ತೆ ಎಳೆದಳು.

ಆಯಿಲ್ ಮೇಲಿನ ಗೆರೆಯನ್ನು ದಾಟಿ ಎಷ್ಟೋ ಮೇಲಕ್ಕೆ ಹತ್ತಿತ್ತು.

"ಆ ಮೇಸ್ತ್ರಿಗೇನು ತಲೆ ಕೆಟ್ಟಿದೆಯಾ, ಇಷ್ಟೊಂದು ಸುರಿದಿದ್ದಾನೆ," ಎನ್ನುತ್ತಾ ಅಮ್ಮ ಫೋನ್ ತೆಗೆದಳು.

"ಅಲ್ಲಿ ಗೆರೆಗೆ ಸರಿಯಾಗಿತ್ತು. ನೀನೂ ನೋಡಿದೆ," ಎಂದಳು ಪಟಾಕಿ. "ಈಗ ನೀನೂ ಸುಳ್ಳು ಹೇಳ್ತಿದ್ದೀಯಾ?"

ಅಮ್ಮನ ಬೆರಳು ಫೋನಿನ ಮೇಲೆ ನಿಂತಿತು.

ಪಟಾಕಿಯ ಕಣ್ಣು ಮುಂದಿನ ಚಕ್ರದತ್ತ ಹೋಯಿತು. ಕಾರು ಉರುಳದಿರಲೆಂದು ಅಮ್ಮ ಕಾರು ನಿಲ್ಲಿಸಿದ ಕೂಡಲೇ ಅಲ್ಲಿ ಒಂದು ಕಲ್ಲು ಇಟ್ಟಿದ್ದಳು. ಜನವರಿಯಲ್ಲಿ ಈ ಮನೆಗೆ ಬಂದಾಗಿನಿಂದ ದಿನಾ ಇಡುವ ಕಲ್ಲು. ಹಳೇ ಮನೆಯ ರಸ್ತೆ ಸಪಾಟಾಗಿತ್ತು. ಆಯಿಲ್ ನೋಡುವುದನ್ನು ಅವಳು ಕಲಿತದ್ದು ಅಲ್ಲಿ. ಇಲ್ಲಿ ರಸ್ತೆ ಇಳಿಜಾರು. ಕಾರಿನ ಮೂತಿ ಕೆಳಗೆ, ಬಾಲ ಮೇಲೆ. ಕಡ್ಡಿ ಇರುವುದು ಮೂತಿಯ ಕಡೆ.

"ಅಮ್ಮ," ಎಂದಳು ನಿಧಾನವಾಗಿ. "ಆಯಿಲ್ಲೂ ಮುಂದಕ್ಕೆ ಇಳಿದಿದೆ. ಅದಕ್ಕೇ ಕಡ್ಡಿ ಜಾಸ್ತಿ ತೋರಿಸ್ತಿದೆ. ಬೆಳಿಗ್ಗೆಯೂ ಹೀಗೇ."

ಅಮ್ಮ ಕಲ್ಲು ನೋಡಿದಳು, ಕಡ್ಡಿ ನೋಡಿದಳು.

"ಇಲ್ಲಿ ನಿಲ್ಲಿಸ್ತಿದ್ದೋಳು ನಾನು," ಎಂದಳು ಆಮೇಲೆ. "ನಿನ್ನ ಮೇಲೆ ಕೂಗಾಡಿದೆ. ಎಲ್ಲರ ಮುಂದೆ."

ಜೋಡಿಸಿಟ್ಟ ಮಾತುಗಳು ಪಟಾಕಿಯ ಬಾಯಿ ತುಂಬ ಇದ್ದವು. ಆದರೆ ಗ್ಯಾರೇಜಿನ ಸಪಾಟು ನೆಲದಲ್ಲಿ ಕಡ್ಡಿಯ ತುದಿ ಮಾತ್ರ ಒದ್ದೆಯಾಗಿದ್ದದ್ದೂ ನಿಜವಾಗಿತ್ತು. ಬೆಳಿಗ್ಗೆ ಇಲ್ಲಿ ನಿಂತು ತಾನು ಕಂಡದ್ದೂ ನಿಜವಾಗಿತ್ತು. ಸಿಟ್ಟು ಇನ್ನೂ ಇತ್ತು, ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

"ಒರೆಸಬೇಡ, ಹಾಗೇ ಹಿಡಕೋ. ಈ ಇಳಿಜಾರು ಎಷ್ಟು ಸುಳ್ಳು ಹೇಳುತ್ತೆ ನೋಡೋಣ," ಎಂದು ಒಳಗೆ ಓಡಿ ಸ್ಕೂಲ್ ಬ್ಯಾಗಿನಿಂದ ಸ್ಕೇಲ್ ತಂದಳು. ಅಮ್ಮ ಕಡ್ಡಿಯನ್ನು ಅಲುಗಾಡದಂತೆ ಎರಡೂ ಕೈಯಲ್ಲಿ ಹಿಡಿದಳು. ಪಟಾಕಿ ಬಗ್ಗಿ, ಮೇಲಿನ ಗೆರೆಯಿಂದ ಆಯಿಲ್ ಹತ್ತಿದ ಜಾಗದವರೆಗೆ ಅಳೆದಳು.

ಇಪ್ಪತ್ತನಾಲ್ಕು ಮಿಲಿಮೀಟರ್.