ಟ್ರೇಯಲ್ಲೊಂದು ಬುಗುರಿ

"ಏನ್ರೀ ಇದು? ಬುಗುರಿ ಆಡೋಕ್ಕೆ ಬಂದಿದ್ದೀರಾ?"

ಟ್ರೇಯಲ್ಲಿದ್ದ ಬ್ಯಾಗಿನಿಂದ, ಸೆಕ್ಯುರಿಟಿ ಡ್ಯೂಟಿಯಲ್ಲಿದ್ದ ಅವಳು ಹೊರಗೆ ತೆಗೆದದ್ದು ಹಿತ್ತಾಳೆಯ ಒಂದು ಗುಂಡು. ಮೇಲೆ ದಪ್ಪ, ಕೆಳಗೆ ಚೂಪು, ನೆತ್ತಿಗೆ ಸುತ್ತಿದ ದಾರ. ಬೆಳಗಿನ ಹೊತ್ತು, ಅಮ್ಯೂಸ್‌ಮೆಂಟ್ ಪಾರ್ಕಿನ ಬಾಗಿಲು ಜನರಿಗೆ ಇನ್ನೂ ತೆರೆದಿರಲಿಲ್ಲ. ಕೆಲಸದವರು ಸಾಲಾಗಿ ಬಂದು, ಬ್ಯಾಗುಗಳನ್ನು ಎಕ್ಸ್‌ರೇ ಯಂತ್ರಕ್ಕೆ ಬಿಟ್ಟು, ಪಕ್ಕದ ಲೋಹ ಪತ್ತೆಯ ಚೌಕಟ್ಟಿನೊಳಗಿಂದ ದಾಟುತ್ತಿದ್ದರು.

"ಪಾರ್ಕಿಗೆ ಬಂದ್ಮೇಲೆ ಆಡ್ಲೇಬೇಕಲ್ವಾ ಮೇಡಂ?" ಎಂದ, ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ನಿಂತಿದ್ದವನು.

"ತಮಾಷೆ ಬೇಡ. ಏನು ಅಂತ ಹೇಳಿ."

"ತೂಗುಗುಂಡು. ಕಂಬ ನೆಟ್ಟಗಿದೆಯಾ ಅಂತ ದಾರ ಇಳಿಬಿಟ್ಟು ನೋಡೋದು. ನಮ್ಮಪ್ಪಂದು. ಅವರು ಮೇಸ್ತ್ರಿ ಆಗಿದ್ರು."

"ಇಷ್ಟು ದೊಡ್ಡ ರೈಡ್ ಕಟ್ತಿದ್ದೀರ, ಅದಕ್ಕೆ ಲೇಸರ್ ಗೀಸರ್ ಇಲ್ವಾ?"

"ಇದೆ. ಲೇಸರ್ ಸುಳ್ಳು ಹೇಳಲ್ಲ. ಬ್ಯಾಟರಿ ಮುಗಿದ್ರೆ ಏನೂ ಹೇಳಲ್ಲ, ಅಷ್ಟೇ."

ಅವಳಿಗೆ ನಗು ಬಂತು. ಡ್ಯೂಟಿಯಲ್ಲಿ ನಗುವುದು ಅವಳ ಜಾಯಮಾನವಲ್ಲ. ಕೆಳತುಟಿ ಕಚ್ಚಿ ಹಿಡಿದು, ಗುಂಡನ್ನು ವಾಪಸ್ ಬ್ಯಾಗಿಗೆ ಹಾಕಿದಳು. ಆದರೆ ತುಟಿ ಕಚ್ಚಿದ್ದನ್ನು ಅವನು ನೋಡಿಬಿಟ್ಟ. ಅಲ್ಲಿಗೆ ಕೆಲಸ ಕೆಟ್ಟಿತು.

ಚೂಪಾದ ಲೋಹ ಕಂಡರೆ ಬ್ಯಾಗು ತೆರೆಸಬೇಕು, ಅದು ನಿಯಮ. ಮೊದಲ ದಿನ ತೆರೆಸಿದ್ದು ನಿಯಮಕ್ಕೆ. ಮಾರನೆಯ ದಿನದ್ದೂ ನಿಯಮಕ್ಕೇ ಇರಲಿ ಬಿಡಿ. ಅದರಾಚೆಗಿನದಕ್ಕೆಲ್ಲ ಪಾಪದ ನಿಯಮವನ್ನು ದೂರುವುದು ತಪ್ಪು.

ದಿನವೂ ಅದೇ ಬ್ಯಾಗು. ಊಟದ ಡಬ್ಬಿ, ಮಡಿಸಿದ ಟವೆಲು, ನೀರಿನ ಬಾಟಲಿ, ತಳದಲ್ಲಿ ಗುಂಡು. ಅವಳು ಒಂದೊಂದಾಗಿ ಟ್ರೇಯಲ್ಲಿಡುವಳು, ಅವನು ಒಂದೊಂದಾಗಿ ವಾಪಸ್ ಜೋಡಿಸುವನು. ಟವೆಲನ್ನು ಮಾತ್ರ ಬಿಚ್ಚಿ ಮತ್ತೆ ಮಡಿಸುವನು. ಮಡಿಸಿದ್ದ ಟವೆಲನ್ನು ಮತ್ತೆ ಮಡಿಸುವ ಗಂಡಸನ್ನು ಅವಳು ಈ ಜನ್ಮದಲ್ಲಿ ನೋಡಿರಲಿಲ್ಲ.

"ನಿಧಾನಕ್ಕೆ ಮಡಿಸಿ, ಏನೂ ಅವಸರ ಇಲ್ಲ," ಎನ್ನುವಳು ವ್ಯಂಗ್ಯವಾಗಿ.

"ನೀವು ಹೇಳಿದ್ಮೇಲೆ ಸರಿ, ಟ್ರೇ ಮೇಡಂ," ಎಂದು ಅವನು ನಿಜಕ್ಕೂ ನಿಧಾನ ಮಾಡುವನು. ಕಣ್ಣೆತ್ತುವುದು ಮಾತ್ರ ಕೊನೆಯಲ್ಲಿ, ಜಿಪ್ ಎಳೆಯುವಾಗ, ಒಂದೇ ಒಂದು ಸಲ. ಆ ಒಂದು ನೋಟಕ್ಕಾಗಿ ಅವಳು ಕಾಯುತ್ತಿದ್ದಳು ಎನ್ನುವುದು ಅವಳಿಗೆ ಗೊತ್ತಿತ್ತು, ಪಕ್ಕದಲ್ಲಿ ಎಕ್ಸ್‌ರೇ ಮಾನಿಟರ್ ಮುಂದೆ ಕೂರುವ ಅಕ್ಕನಿಗೂ ಗೊತ್ತಿತ್ತು. ಊರಿನವರ ಬ್ಯಾಗೆಲ್ಲ ಒಳಗಿಂದ ನೋಡುವ ಅಕ್ಕನಿಗೆ ಒಂದು ಹುಡುಗಿಯ ಮನಸ್ಸು ಯಾವ ಲೆಕ್ಕ?

"ಬಂತು ಕಣೇ ನಿನ್ನ ಬುಗುರಿ," ಎನ್ನುವಳು ಅಕ್ಕ, ತೆರೆಯಿಂದ ಕಣ್ಣು ಕೀಳದೆ. ಹಾಗೆ ಅವನ ಹೆಸರು ಬುಗುರಿಯಾಯಿತು.

ಬುಗುರಿ ಕಟ್ಟುತ್ತಿದ್ದ ರೈಡಿನ ಹೆಸರು ಮಿಂಚುಳ್ಳಿ. ತಗಡಿನ ಗೋಡೆಯ ಮೇಲೆ ಹಕ್ಕಿಯ ಚಿತ್ರ, ಕೆಳಗೆ 'ಇಷ್ಟರಲ್ಲೇ ಬರಲಿದೆ' ಎಂಬ ಅಕ್ಷರಗಳು. ಗೋಡೆಯಾಚೆ ನೀಲಿ ಹಳಿ ಆಕಾಶಕ್ಕೇರಿ, ತುದಿಯಲ್ಲಿ ಒಂದು ಕ್ಷಣ ಯೋಚಿಸಿದ ಹಾಗೆ ಸಮನಾಗಿ, ಅಲ್ಲಿಂದ ನೇರ ಕೊಳಕ್ಕೆ ಧುಮುಕುತ್ತಿತ್ತು. ಅವನ ತಂಡ ಊರಿಂದೂರಿಗೆ ಹೋಗಿ ಇಂಥವನ್ನು ಕಟ್ಟುವುದು, ಬಾಗಿಲು ತೆರೆಯುವ ಮೊದಲೇ ಮುಂದಿನ ಊರಿಗೆ ಹೊರಡುವುದು.

"ಜನ ಕಿರುಚೋದನ್ನ ನಾವು ಕೇಳೇ ಇಲ್ಲ ಮೇಡಂ," ಎಂದಿದ್ದ ಒಮ್ಮೆ. "ಕಟ್ಟೋದಷ್ಟೇ ನಮ್ಮ ಹಣೇಬರಹ."

ಅವತ್ತು ಅವಳಿಗೆ ಊಟ ಸೇರಿರಲಿಲ್ಲ.

ಕೆಟ್ಟ ಗಳಿಗೆ ಬಂದದ್ದು ಸೂಪರ್‌ವೈಸರ್ ರೂಪದಲ್ಲಿ. ಕೈಕಟ್ಟಿ ಬಂದು ನಿಂತು, "ಏನಮ್ಮ, ಆ ಮಿಂಚುಳ್ಳಿ ಹುಡುಗನ ಬ್ಯಾಗು ದಿನಾ ತೆಗೆಸ್ತೀಯ. ಹಿಂದೆ ಲೈನು ನಿಂತೋಗುತ್ತೆ. ಏನು ವಿಷ್ಯ?" ಎಂದರು.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ. ಕದ್ದದ್ದು ಬರೀ ನೋಟವಾದರೂ ಅವಳು ಖಾಲಿ ಟ್ರೇಯನ್ನು ಅತ್ತಿತ್ತ ಸರಿಸಿದಳು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

"ನಂಬಿಕೆ ಇಲ್ಲ ಸಾರ್. ಏನೇನೋ ತರ್ತಾರೆ. ಅದಕ್ಕೆ."

ಸೂಪರ್‌ವೈಸರ್ ತಲೆಯಾಡಿಸಿ ಹೋದರು. ಅವರ ಬೆನ್ನ ಹಿಂದೆ, ಬೆಂಚಿನ ಮೇಲೆ ಕೂತು ಶೂ ಲೇಸು ಕಟ್ಟುತ್ತಿದ್ದ ಬುಗುರಿ ಎದ್ದು ನಿಂತ. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಸಿಟ್ಟಿದ್ದರೆ ಅವಳು ಹೇಗೋ ಜಗಳವಾಡಿ ಸರಿಮಾಡಿಕೊಳ್ಳುತ್ತಿದ್ದಳು. ಅವನು ಹೆಲ್ಮೆಟ್ ಹಾಕಿಕೊಂಡು ನಡೆದುಹೋದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನದಿಂದ ಅವನು ಆಚೆ ಕಡೆಯ ಲೈನಿಗೆ ಹೋದ. ಆ ಲೈನಿನ ಹುಡುಗಿ ಬ್ಯಾಗು ತೆರೆಯಲೇ ಇಲ್ಲ, ತೆರೆಯುವಂಥದ್ದು ಅದರಲ್ಲಿ ಇರಲೂ ಇಲ್ಲ. ಗುಂಡನ್ನು ಅವನು ತರುವುದನ್ನೇ ಬಿಟ್ಟಿದ್ದ.

ಮನೆಯಲ್ಲಿ ಅತ್ತಿಗೆ ಅವಳ ಮುಂದೆ ಕೂತು ನೋಡಿದಳು. "ಏನೇ, ತಟ್ಟೆ ಜೊತೆ ಜಗಳಾನಾ? ಆಗಿಂದ ಅದನ್ನೇ ಗುರಾಯಿಸ್ತಿದ್ದೀಯ."

"ಏನಿಲ್ಲ ಅತ್ತಿಗೆ."

"ನಿಮ್ಮಣ್ಣನೂ ಹಿಂಗೇ. ಏನಿಲ್ಲ ಅಂದ್ರೆ ಅಲ್ಲೇನೋ ಇದೆ ಅಂತ. ಮದುವೆಗೆ ಮುಂಚೆ ಏನಿಲ್ಲ, ಏನಿಲ್ಲ ಅಂತಾನೇ ನಮ್ಮ ಬೀದೀಲಿ ಚಪ್ಪಲಿ ಸವೆಸಿದ್ರು."

ಹೀಗಿರುವಾಗ ಮಿಂಚುಳ್ಳಿಯ ಕ್ಯೂ ಪರೀಕ್ಷೆ ಬಂತು. ರೈಡ್ ತೆರೆಯುವ ಮೊದಲು ಪಾರ್ಕಿನ ಸಿಬ್ಬಂದಿಯನ್ನೇ ಸಾಲಿನಲ್ಲಿ ನಿಲ್ಲಿಸಿ, ಜನ ಎಲ್ಲಿ ಸಿಕ್ಕಿಕೊಳ್ಳುತ್ತಾರೆ, ಎಷ್ಟು ಹೊತ್ತು ಕಾಯುತ್ತಾರೆ ಎಂದು ಮ್ಯಾನೇಜರ್ ನೋಡುವ ಪದ್ಧತಿ. ಪಾರ್ಕಿಗೆ ರಜೆಯಿದ್ದ ದಿನ ಎಲ್ಲರೂ ಸೇರಿದರು. ಪಾಪ್‌ಕಾರ್ನ್ ಮಾರುವವರು, ತೋಟದವರು, ಟಿಕೆಟ್ಟಿನವರು, ಮಕ್ಕಳ ಜೊತೆ ಫೋಟೋಕ್ಕೆ ನಿಲ್ಲುವ ಕರಡಿ ವೇಷದವನು, ತಲೆಯನ್ನು ಕಂಕುಳಲ್ಲಿಟ್ಟುಕೊಂಡು.

ಸಾಲಿಗೆ ಸೇರುವ ಮೊದಲು ಅಕ್ಕ ಅವಳ ಕೈ ಹಿಡಿದು ಪಕ್ಕಕ್ಕೆಳೆದಳು.

"ಕೇಳಿಲ್ಲಿ. ನಾಳೆ ಬೆಳಿಗ್ಗೆ ಅವರ ತಂಡ ಹೊರಡುತ್ತಂತೆ. ಈ ರೈಡ್ ನೋಡ್ಕೊಳ್ಳೋಕ್ಕೆ ಒಬ್ಬರು ಇಲ್ಲೇ ಉಳೀಬೇಕು, ಇರ್ತೀಯಾ ಅಂತ ಬುಗುರೀನ ಕೇಳಿದ್ದಾರೆ. ಇವತ್ತು ಸಂಜೆ ಹೇಳ್ಬೇಕು. ಹೋಗೋ ಮನಸ್ಸೇ ಇದೆ ಅಂತೆ."

"ಅದನ್ನ ನನಗ್ಯಾಕೆ ಹೇಳ್ತೀಯಕ್ಕ?"

"ಅಯ್ಯೋ, ಗಾಳಿಗೆ ಹೇಳ್ದೆ. ನೀನ್ಯಾಕೆ ಕೇಳಿಸ್ಕೊಂಡೆ?"

ಅಷ್ಟರಲ್ಲಿ ಮ್ಯಾನೇಜರ್ ಬಂದು ಅವಳ ಕೈಗೆ ಒಂದು ಕೆಂಪು ಕಾರ್ಡು ಕೊಟ್ಟರು. ಸಾಲಿಗೆ ಸೇರಿದ ಹೊತ್ತು ಅದರ ಮೇಲಿತ್ತು. ರೈಡ್ ಹತ್ತುವ ಬಾಗಿಲಲ್ಲಿ ಅದನ್ನು ಒಪ್ಪಿಸಿದರೆ ಕಾದ ಹೊತ್ತು ತಿಳಿಯುತ್ತದೆ.

"ನೀನು ಕಟ್ಟುನಿಟ್ಟು ಅಂತ ನಿನಗೇ ಕೊಡ್ತಿದ್ದೀನಿ. ಯಾರನ್ನೂ ನಿನ್ನ ಮುಂದೆ ಬಿಡ್ಬೇಡ. ಬಿಟ್ರೆ ಲೆಕ್ಕ ಎಲ್ಲಾ ಎಕ್ಕುಟ್ಟೋಗುತ್ತೆ."

"ಸರಿ ಸಾರ್."

ಸಾಲು ಹೊರಟಿತು. ಕಬ್ಬಿಣದ ಕಂಬಿಗಳ ನಡುವೆ ಈ ತುದಿಗೆ ಹೋಗಿ, ತಿರುಗಿ, ಆ ತುದಿಗೆ ಬಂದು, ಮತ್ತೆ ತಿರುಗುವ ದಾರಿ. ಅವಳು ಮೊದಲ ತಿರುವು ದಾಟಿ ಬರುವಾಗ ಕಂಬಿಯಾಚೆ, ಎದುರು ದಿಕ್ಕಿನಲ್ಲಿ ಅವನು ಬರುತ್ತಿದ್ದ. ಕಟ್ಟಿದವರೂ ನಿಲ್ಲಲಿ ಎಂದು ತಂಡವನ್ನೂ ಸಾಲಿಗೆ ಹಾಕಿದ್ದರು. ಅವಳಿಗಿಂತ ಹಿಂದೆ, ನಡುವೆ ಹತ್ತಾರು ಜನ.

ಅವನು ಶೂ ನೋಡಿಕೊಂಡು ನಡೆದ. ಅವಳು ಕಾರ್ಡು ನೋಡಿಕೊಂಡಳು. ದಾಟಿಹೋದರು.

ಎರಡನೆಯ ಸಲ ಎದುರಾದಾಗ ಅವಳೇ ಬಾಯಿಬಿಟ್ಟಳು. "ನಿಮ್ಮ ಬುಗುರಿ ಎಲ್ಲಿ?"

ಉತ್ತರ ಬರುವುದರೊಳಗೆ ಸಾಲು ಸರಿಯಿತು. ಉತ್ತರಕ್ಕಾಗಿ ಮುಂದಿನ ತಿರುವಿನವರೆಗೂ ಕಾಯಬೇಕಾಯಿತು.

"ರೂಮಲ್ಲಿದೆ," ಎಂದ ಮುಂದಿನ ಭೇಟಿಯಲ್ಲಿ. "ನಂಬಿಕೆ ಇಲ್ಲದ ಕಡೆಗೆ ಯಾಕೆ ತರೋದು?"

"ಅದು ಸುಳ್ಳು."

"ಯಾವುದು?" ಎಂದು ಅವನು ಕೇಳುವಷ್ಟರಲ್ಲಿ ಮತ್ತೆ ದಾಟಿಹೋಗಿತ್ತು. ಈಗ ಅವಳ ಹಿಂದೆಯೇ ನಿಂತಿದ್ದ ಕರಡಿ ವೇಷದವನು ಗಂಟಲು ಸರಿಮಾಡಿಕೊಂಡ.

"ಯಾವುದು ಅಂತ ಕೇಳಿದ್ರು ಮೇಡಂ."

"ಕೇಳಿಸ್ತು. ನೀವು ನಿಮ್ಮ ತಲೆ ಹಾಕ್ಕೊಳ್ಳಿ."

ಮುಂದಿನ ತಿರುವಿಗೆ ಇನ್ನೂ ಎಷ್ಟು ಹೊತ್ತೋ. ಅದಾದ ಮೇಲೆ ಉಳಿಯುವುದು ಒಂದೋ ಎರಡೋ ತಿರುವು, ಅಲ್ಲಿಗೆ ರೈಡಿನ ಬಾಗಿಲು. ಸಂಜೆ ಅವನು ಇಲ್ಲಿ ಉಳಿಯುವುದಿಲ್ಲ ಎನ್ನುತ್ತಾನೆ, ಬೆಳಿಗ್ಗೆ ಹೊರಡುತ್ತಾನೆ. ಈ ಜನ್ಮದ ಮಾತನ್ನು ಹೀಗೆ ತುತ್ತು ತುತ್ತಾಗಿ ಆಡಿದರೆ ಮುಗಿಯುವುದು ಯಾವಾಗ? ಅವಳು ಕೆಂಪು ಕಾರ್ಡನ್ನು ನೋಡಿದಳು. ಆಮೇಲೆ ಕಂಬಿಗೆ ಒರಗಿ ದಾರಿ ಬಿಟ್ಟಳು.

"ನೀವು ಮುಂದೆ ಹೋಗಿ," ಎಂದಳು ಕರಡಿಗೆ.

"ಕಾರ್ಡು ನಿಮ್ಮ ಹತ್ರ ಇದೆಯಲ್ಲ ಮೇಡಂ? ಲೆಕ್ಕ..."

"ಹೋಗ್ರೀ ಅಂದೆ."

ಕರಡಿ ಹೋಯಿತು. ಪಾಪ್‌ಕಾರ್ನ್‌ನವರು ಹೋದರು. ತೋಟದ ತಾತ ತಲೆ ಅಲ್ಲಾಡಿಸುತ್ತ ಹೋದರು. ಜೀವಮಾನದಲ್ಲಿ ಮಗುವಿನ ಹಾಲಿನ ಬಾಟಲಿಯನ್ನೂ ತೆರೆಸದೆ ಬಿಡದವಳು ಒಬ್ಬೊಬ್ಬರನ್ನಾಗಿ ಮುಂದೆ ಬಿಟ್ಟಳು. ಕೊನೆಗೆ ತಿರುವಿನಲ್ಲಿ ಬುಗುರಿ ಬಂದು ಅವಳೆದುರು ನಿಂತ. ಅವನ ಬೆನ್ನ ಹಿಂದೆ ಯಾರಿದ್ದರು ಗೊತ್ತೇ? ಸೂಪರ್‌ವೈಸರ್.

ಅವಳು ಕೆಂಪು ಕಾರ್ಡನ್ನು ಬೆನ್ನ ಹಿಂದೆ ಮರೆಮಾಡಿದಳು.

"ಅವತ್ತು ಎಲ್ಲರ ಮುಂದೆ ಹೇಳಿದ್ರಿ," ಎಂದ ಬುಗುರಿ ಮೆಲ್ಲಗೆ. "ಆ ಗುಂಡು ಹಿಡ್ಕೊಂಡೇ ನಮ್ಮಪ್ಪ ಊರೆಲ್ಲಾ ಮನೆ ಕಟ್ಟಿದ್ರು. ಯಾರೂ ಅವರ ಬ್ಯಾಗು ನೋಡಿರ್ಲಿಲ್ಲ. ನೀವು ನೋಡಿದ್ದಕ್ಕೆ ನನಗೆ ಬೇಜಾರಿಲ್ಲ. ನಾನು ದಿನಾ ಅದನ್ನ ತಂದಿದ್ದೇ ನೀವು ನೋಡ್ಲಿ ಅಂತ. ಆದ್ರೆ ನಂಬಿಕೆ ಇಲ್ಲ ಅಂದ್ಬಿಟ್ರಲ್ಲ."

ಅವಳ ಕಣ್ಣು ತುಂಬಿತು. ಸೂಪರ್‌ವೈಸರ್ ಮೇಲೆ ಹಳಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಹಾಗಾದ್ರೆ ಎಲ್ಲರ ಮುಂದೇನೇ ಕೇಳಿ," ಎಂದಳು. ದನಿ ಸ್ವಲ್ಪ ಜೋರಾಗಿಯೇ ಬಂತು. "ಸಾರ್, ನೀವೂ ಕೇಳಿ. ನಾನು ಇವರ ಬ್ಯಾಗು ತೆಗೆಸಿದ್ದು ನಂಬಿಕೆ ಇಲ್ಲ ಅಂತ ಅಲ್ಲ. ಅದರಲ್ಲೇನಿದೆ ಅಂತ ನನಗೆ ಕಣ್ಮುಚ್ಚಿದ್ರೂ ಗೊತ್ತು. ತೆಗೆದು, ಮತ್ತೆ ಜೋಡಿಸೋ ತನಕ ಇವರು ನನ್ನೆದುರು ನಿಂತಿರ್ತಾರಲ್ಲ, ಅದಕ್ಕೆ ತೆಗೆಸ್ತಿದ್ದೆ. ಇವರು ಟವೆಲು ಮಡಿಸೋದು ನೋಡೋದು ನನಗಿಷ್ಟ. ಇವರು ಹೋದ್ರೆ ನನಗೆ ಕಷ್ಟ ಆಗುತ್ತೆ. ಅಷ್ಟೇ."

ಕಂಬಿಯಾಚೆ ನಡೆಯುತ್ತಿದ್ದ ಸಾಲು ನಿಂತುಬಿಟ್ಟಿತು. ಯಾರೋ ಕೆಮ್ಮಿದರು. ಬುಗುರಿಯ ಮುಖ ಕಿವಿಯ ತನಕ ಕೆಂಪಾಯಿತು. ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ಮುಂದೆ ಹೋಗ್ರಪ್ಪಾ!" ಎಂದು ಹಿಂದಿನಿಂದ ಕೂಗು ಬಂತು. ತಳ್ಳಾಟದಲ್ಲಿ ಉಳಿದ ತಿರುವುಗಳು ಹೇಗೆ ದಾಟಿದವೋ ಅವಳಿಗೆ ತಿಳಿಯಲಿಲ್ಲ. ಬಾಗಿಲಲ್ಲಿದ್ದವನು ಕಾರ್ಡು ಇಸಿದುಕೊಂಡು ಅವಳನ್ನು ಒಳಗೆ ಬಿಟ್ಟ, ಒಂದು ಸೀಟು ಉಳಿದಿದೆ ಎಂದು ಪಕ್ಕದಲ್ಲಿ ತಲೆ ಹಾಕಿಕೊಂಡು ಕಾಯುತ್ತಿದ್ದ ಕರಡಿಯನ್ನು ಕೂರಿಸಿದ, ಬುಗುರಿಯ ಮೂಗಿನ ಮುಂದೆಯೇ ಗೇಟು ಹಾಕಿದ.

"ಏನಂದ್ರು ಮೇಡಂ?" ಎಂದಿತು ಕರಡಿ, ಅವರು ಕೂತ ರೈಡಿನ ದೋಣಿ ಹಳಿಯ ಮೇಲೆ ಏರುತ್ತಿದ್ದಾಗ.

"ಏನೂ ಅನ್ನಲಿಲ್ಲ."

ತುದಿಯಲ್ಲಿ ದೋಣಿ ಒಂದು ಕ್ಷಣ ನಿಂತಿತು. ಕೆಳಗೆ ಸಾಲು, ಸಾಲಿನಲ್ಲಿ ತಲೆಯೆತ್ತಿ ನೋಡುತ್ತಿದ್ದ ಒಂದು ಹೆಲ್ಮೆಟ್. ಮರುಕ್ಷಣ ಮಿಂಚುಳ್ಳಿ ಧುಮುಕಿತು. ಅವಳು ಕಿರುಚಿದಳು. ಕಟ್ಟಿದವನಿಗೆ ಕೇಳಿಸಲಿ ಎಂದೇ ಕಿರುಚಿದಳು.

ಒದ್ದೆ ಬಟ್ಟೆಯಲ್ಲಿ ಇಳಿದು ಬಂದಾಗ ಅವನಿರಲಿಲ್ಲ. ತಂಡದ ಯಜಮಾನರು ಕರೆಸಿಕೊಂಡಿದ್ದರು. ಕೆಂಪು ಕಾರ್ಡು ನೋಡಿದ ಮ್ಯಾನೇಜರ್ ಮಾತ್ರ ಹೌಹಾರಿದರು. "ಇಷ್ಟೊತ್ತಾ! ಎಲ್ಲಿ ನಿಂತೋಯ್ತು ಸಾಲು?" ಸೂಪರ್‌ವೈಸರ್ ಗಂಭೀರವಾಗಿ ಆ ತಿರುವನ್ನು ತೋರಿಸಿದರು. ಜನ ಕಾಯುವ ಜಾಗ ಎಂದು ಅಲ್ಲೊಂದು ಫ್ಯಾನು ಹಾಕಿಸಲು ಆಗಲೇ ಆರ್ಡರ್ ಹೋಯಿತು.

ಸಂಜೆ ಅವಳು ಮನೆಗೆ ಬಂದು ತಟ್ಟೆಯ ಮುಂದೆ ಕೂತಳು. "ಎಲ್ಲರ ಮುಂದೆ ಹೇಳ್ಬಿಟ್ಟೆ ಅತ್ತಿಗೆ. ಅವರು ಏನೂ ಹೇಳ್ಲಿಲ್ಲ," ಎಂದಳು. ಅತ್ತಿಗೆ ಚುಡಾಯಿಸಲಿಲ್ಲ. ತಲೆ ಸವರಿ, "ನೀನು ಹೇಳಿದ್ಯಲ್ಲ, ಸಾಕು ಬಿಡು," ಎಂದಳು.

ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ತಂಡದ ವ್ಯಾನು ಅವಳೆದುರೇ ಹಾದುಹೋಯಿತು. ಕಿಟಕಿಗಳಿಗೆಲ್ಲ ಪರದೆ ಎಳೆದಿದ್ದರು. ಒಳಗೆ ಯಾರಿದ್ದಾರೆ, ಯಾರಿಲ್ಲ, ಕಾಣಲಿಲ್ಲ.

ಕೆಲಸಕ್ಕೆ ನಿಂತಳು. ಟ್ರೇಗಳು ಬಂದವು, ಹೋದವು. ಡಬ್ಬಿ, ಛತ್ರಿ, ಬೀಗದ ಗೊಂಚಲು. ಅವಳು ತಲೆಯೆತ್ತಿ ಲೈನನ್ನು ನೋಡಲಿಲ್ಲ. ನೋಡಿ, ಅವನು ಇಲ್ಲದಿದ್ದರೆ ಎಂಬ ಹೆದರಿಕೆ.

ಎಕ್ಸ್‌ರೇ ಯಂತ್ರ ಥಟ್ಟನೆ ನಿಂತಿತು. ಅಕ್ಕ ಮಾನಿಟರನ್ನೇ ಅವಳ ಕಡೆಗೆ ತಿರುಗಿಸಿದಳು. ತೆರೆಯ ಮೇಲೆ ಊಟದ ಡಬ್ಬಿ, ನೀರಿನ ಬಾಟಲಿ, ತಳದಲ್ಲಿ ಮೇಲೆ ದಪ್ಪ, ಕೆಳಗೆ ಚೂಪಾದ ಒಂದು ಕಪ್ಪು ಬುಗುರಿ.

ಅವಳು ತಲೆಯೆತ್ತಿದಳು. ಚೌಕಟ್ಟಿನಾಚೆ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಅವನು ನಿಂತಿದ್ದ.

"ನಿನ್ನೆ ಮಾತೇ ಹೊರಡ್ಲಿಲ್ಲ," ಎಂದ. "ಆಮೇಲೆ ನೀವು ಮೇಲಿಂದ ಕಿರುಚಿದ್ದು ಕೇಳಿಸ್ತು. ಹೋಗಿ, ಇಲ್ಲೇ ಇರ್ತೀನಿ ಅಂತ ಹೇಳ್ಬಂದೆ."

ಅವಳು ಈ ಸಲ ತುಟಿ ಕಚ್ಚಿಕೊಳ್ಳಲಿಲ್ಲ. ಎಲ್ಲರೆದುರು, ಡ್ಯೂಟಿಯಲ್ಲೇ, ಮನಸಾರೆ ನಕ್ಕಳು.

ಸೂಪರ್‌ವೈಸರ್ ಹಿಂದಿನಿಂದ ಬಂದು ನಿಂತರು. "ಏನಮ್ಮ, ಈಗಲಾದ್ರೂ ನಂಬಿಕೆ ಬಂತಾ?"

"ಬಂದಿದೆ ಸಾರ್," ಎಂದು ಅವಳು ಬ್ಯಾಗಿನ ಜಿಪ್ಪಿಗೆ ಕೈ ಹಾಕಿದಳು. "ಆದ್ರೂ ತೆಗೆದು ನೋಡ್ತೀನಿ."