ಕಾಸರಕನ ಹಿಡಿ

"ಅದು ಬೇಡ ಮಗಾ. ಅದು ಮೊಳೆ ಹೊಡೆದ ಮರ."

ಅಟ್ಟದ ಏಣಿಯ ಮೇಲೆ ನಿಂತಿದ್ದ ಚೈತಾಲಿ ಕಂಕುಳಲ್ಲಿದ್ದ ಮರದ ತುಂಡನ್ನು ತಿರುಗಿಸಿ ನೋಡಿದಳು. ಒಂದು ಬದಿಯಲ್ಲಿ ತುಕ್ಕು ಹಿಡಿದ ಮೊಳೆಯೊಂದು ಅರ್ಧಕ್ಕೆ ಮುರಿದು ಕೂತಿತ್ತು. "ಮೊಳೆ ಅಲ್ವಾ ಅತ್ತೆ? ಇಕ್ಕಳದಲ್ಲಿ ಎಳೆದರೆ ಬರ್ತದೆ."

ಕೆಳಗೆ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಮೋಹಿನಿಯ ಕೈ ಬಾಳೆನಾರಿನ ಮೇಲೆ ನಿಂತಿತು. "ಬೇಡ ಅಂತ ಹೇಳಿದೆ. ಕಾಸರಕನ ಮರ ಅದು."

"ಕಾಸರಕ ಆದರೆ ಒಳ್ಳೆಯದೇ. ಗೆದ್ದಲು ಹಿಡಿಯುವುದಿಲ್ಲ."

"ಮೂರನೇ ಸಲ ಹೇಳ್ತೇನೆ, ಬೇಡ. ಅದರಲ್ಲಿ ಯಾರನ್ನೋ ಕೂರಿಸಿದ್ದಾರೆ. ಹಿಡಿದ ಕೈಯನ್ನು ಅದು ಬಿಡುವುದಿಲ್ಲ. ರೋಹಿತನ ಕೈ ನೀನು ನೋಡಲಿಲ್ಲವಾ?"

"ಕೂತವರಿಗೆ ಸ್ವಲ್ಪ ಜರುಗಿ ಕೂರಲಿಕ್ಕೆ ಹೇಳಿ ಅತ್ತೆ. ನನಗೆ ಒಂದು ಮೊಳ ಮರ ಸಾಕು," ಎಂದು ನಗುತ್ತಲೇ ಏಣಿ ಇಳಿದಳು.

ಜಗಲಿಯ ಬೆಂಚಿನಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ ಮುದ್ದಣ್ಣ ಗಂಟಲು ಸರಿಮಾಡಿಕೊಂಡರು. ಮೋಹಿನಿಯ ಅಣ್ಣ ಅವರು. ಶಂಕರಪುರದ ಆ ಮನೆಯಲ್ಲಿ ಕೊನೆಯ ಮಾತು ಯಾವಾಗಲೂ ಅವರದ್ದೇ. ಅವತ್ತು ಅವರು ಆಡಿದ್ದು ಒಂದೇ ಮಾತು. "ಬೇಡ ಅಂದದ್ದು ನಾನೂ ಕೇಳಿದೆ."

ಅದನ್ನು ಯಾಕೆ ಹೇಳಿದರು ಎಂದು ಚೈತಾಲಿ ಯೋಚಿಸಲಿಲ್ಲ. ಯೋಚಿಸಲು ಅವಳಿಗೆ ಪುರುಸೊತ್ತೂ ಇರಲಿಲ್ಲ. ಮಣಿಪಾಲದ ಶಾಲೆಯೊಂದರಲ್ಲಿ ಆಟ ಕಲಿಸುವ ಈ ಹುಡುಗಿ ಹತ್ತು ವರ್ಷ ಬದುಕಿದ್ದೇ ತನ್ನ ಬಲಗೈಯ ತೋರುಬೆರಳಿಗಾಗಿ. ಏರ್ ರೈಫಲ್ ಹಿಡಿದು ಹತ್ತು ಮೀಟರ್ ದೂರದ ಸಾಸಿವೆಯಷ್ಟು ಚುಕ್ಕಿಗೆ ಗುರಿಯಿಡುವುದು ಅವಳ ವಿದ್ಯೆ. ರಾಜ್ಯ ತಂಡದ ಆಯ್ಕೆಗೆ ಉಳಿದಿದ್ದು ಹದಿನೆಂಟೇ ದಿನ. ಅಷ್ಟರಲ್ಲಿ, ಕಾರಿನಿಂದ ಮನೆಯೊಳಗೆ ತರುವಾಗ ಗಂಡ ರೋಹಿತ್ ರೈಫಲನ್ನು ಬೀಳಿಸಿ, ಅದರ ಮರದ ಹಿಡಿ ಕತ್ತಿನಲ್ಲಿ ತುಂಡಾಗಿ, ಹಿಂದಿನ ಭಾಗ ಸೀಳಿಹೋಗಿತ್ತು. ಹೊರದೇಶದಿಂದ ಹೊಸದು ಬರಲು ತಿಂಗಳೆರಡು ಬೇಕು.

ಅವನನ್ನು ಬೈಯಲು ಅವಳಿಗೆ ಮನಸ್ಸು ಬರಲಿಲ್ಲ. ಎರಡು ವರ್ಷದ ಹಿಂದೆ ಮಸ್ಕತ್ತಿನಿಂದ ಬಂದವನು ಕಾರಿನ ಶೆಡ್ಡಿಗೆಂದು ಹಿತ್ತಲಿನ ಕಾಸರಕನ ಮರ ಕಡಿದಿದ್ದ. ಅಂದಿನಿಂದ ಅವನ ಬಲಗೈ ಬೆರಳುಗಳು ಕೊಕ್ಕೆಯಾಗಿ ಸೆಟೆದಿದ್ದವು. ಡಾಕ್ಟರರು ನರ ಎಂದರು, ಊರವರು ಮರ ಎಂದರು. ಥಾಣೆಯಲ್ಲಿ ಬೆಳೆದ ಚೈತಾಲಿ ಡಾಕ್ಟರರ ಪಕ್ಷ. ಮದುವೆಯಾದ ಎಂಟು ತಿಂಗಳಲ್ಲಿ ಊರ ದೆವ್ವ, ಕುಲೆ, ಮಾಟ ಎಲ್ಲವನ್ನೂ ಅವಳು ನಕ್ಕು ಬಿಟ್ಟಿದ್ದಳು. ಅವಳ ನಗೆಯನ್ನು ಕಂಡರೆ ಮೋಹಿನಿಗೆ ಏನೋ ಅಕ್ಕರೆ. ಚಿಕ್ಕಂದಿನಲ್ಲೇ ತಾಯಿ ಸತ್ತವಳೆಂದು ದಿನವೂ ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ಮಗಾ ಎನ್ನದೆ ಮಾತು ಶುರುಮಾಡುತ್ತಿರಲಿಲ್ಲ. ತವರು ಮನೆಗಿಂತ ಇದೇ ವಾಸಿ ಎಂದುಕೊಂಡಿದ್ದಳು ಚೈತಾಲಿ.

ಮಲ್ಲಿಗೆಗೆ ಹುಡಿ ಹಾರಬಾರದೆಂದು ಹಿಂದಿನ ಉಗ್ರಾಣದ ಬಾಗಿಲು ಮುಚ್ಚಿಕೊಂಡು ಕೆಲಸಕ್ಕೆ ಕೂತಳು. ಮೊಳೆ ಇಕ್ಕಳಕ್ಕೆ ಸುಲಭದಲ್ಲಿ ಬಂತು. ಅದು ಬಂದ ತೂತಿನಿಂದ ಹಳೇ ಬಾವಿಯ ಕೆಸರಿನಂಥ ವಾಸನೆ ಎದ್ದಿತು. ಗರಗಸ ಎಳೆದಾಗ ಬಿದ್ದ ಹುಡಿ ಬಾಯಿಗೆ ಹೋಗಿ ಕಹಿ ಗಂಟಲ ತನಕ ಇಳಿಯಿತು. ಬೆಲ್ಲ ತಿಂದರೂ ಹೋಗಲಿಲ್ಲ. ರೈಫಲಿನ ನಳಿಗೆ ಬಿಚ್ಚಿಟ್ಟು, ಹಳೇ ಹಿಡಿಯ ಮುರಿದ ಕತ್ತಿನಲ್ಲಿ ತೂತು ಕೊರೆದು, ಗೂಟವಿಟ್ಟು, ಅಂಟು ಹಾಕಿ ಈ ಮರವನ್ನು ಬಿಗಿದಳು. ಕೆನ್ನೆ ಒರಗುವ ಕಡೆ ಅರ್ಧ ಬೆರಳಿನಷ್ಟು ಎತ್ತರ ಕೊಟ್ಟಳು. ಮುರಿದದ್ದೇ ಒಳ್ಳೆಯದಾಯಿತು, ಈಗ ನನ್ನ ಮೈಗೆ ತಕ್ಕ ಹಾಗೆ ಮಾಡಿಕೊಳ್ಳುತ್ತೇನೆ ಎಂಬ ಹುರುಪು.

ಅಂಗೈ ಹಿಡಿಯುವ ಜಾಗವನ್ನು ತಿದ್ದಲು ಅವಳದೊಂದು ಕ್ರಮ ಉಂಟು. ಅಂಗೈಗೆ ಕಾಡಿಗೆ ಹಚ್ಚಿಕೊಂಡು ಮರವನ್ನು ಬಿಗಿಯಾಗಿ ಹಿಡಿಯುವುದು. ಮರದ ಉಬ್ಬು ಎಲ್ಲಿ ತಾಗುತ್ತದೋ ಅಲ್ಲಿ ಕಪ್ಪು. ಆ ಕಪ್ಪನ್ನು ಅರದಿಂದ ಉಜ್ಜಿ ತೆಗೆದರೆ ಹಿಡಿ ಕೈಗೆ ಹೊಂದುತ್ತದೆ.

ಮೊದಲ ದಿನ ಹಿಡಿದು ಬಿಟ್ಟು ನೋಡಿದಳು. ಮರದ ಮೇಲೆ ಮೂಡಿದ್ದ ಕಪ್ಪು ಅವಳ ಅಂಗೈಗಿಂತ ದೊಡ್ಡದಿತ್ತು.

ಕೈ ಜಾರಿರಬೇಕೆಂದು ಉಜ್ಜಿ ತೆಗೆದಳು. ಮಾರನೆಯ ದಿನ ಹಿಡಿದರೆ ಮತ್ತೆ ಅದೇ ಕೈ. ಉದ್ದ ಬೆರಳು, ಗಂಟು ಗಂಟು ಗೆಣ್ಣು, ಒಳಕ್ಕೆ ಬಾಗಿದ ತುದಿ. ಮೂರನೆಯ ದಿನವೂ ಅದೇ. ಎಷ್ಟು ಉಜ್ಜಿದರೂ ಮರ ಸವೆಯಿತೇ ಹೊರತು ಗುರುತು ಬದಲಾಗಲಿಲ್ಲ. ಹೊರಗಿನಿಂದ ಬರುವ ಮಲ್ಲಿಗೆಯ ಪರಿಮಳ ಅವಳ ಮೂಗಿಗೆ ಹೆಣದ ಮೇಲಿನ ಹೂವಿನಂತೆ ಹೊಡೆಯತೊಡಗಿತು. ಅತ್ತೆಗೆ ಹೇಳಿದರೆ ಹೆದರುತ್ತಾರೆಂದು ಬಾಯಿ ಬಿಡಲಿಲ್ಲ, ಪಾಪ.

ಆರನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಕಿಟಕಿಯಿಲ್ಲದ ಉಗ್ರಾಣ ಗವ್ವೆಂದಿತು. ಕತ್ತಲಲ್ಲೇ ಚೈತಾಲಿ ಕಾಡಿಗೆಯ ಅಂಗೈಯಿಂದ ಹಿಡಿಯನ್ನು ಬಿಗಿದಳು.

ಹೊಂದಿತು.

ಎಲ್ಲೂ ತಾಗಲಿಲ್ಲ. ಎಲ್ಲೂ ಸಂದಿಲ್ಲ. ಖುಷಿಯಿಂದ ಕೈ ಬಿಡಲು ಹೋದಳು. ಬೆರಳು ಬಿಚ್ಚಲಿಲ್ಲ. ಎಳೆದಳು. ಬಿಚ್ಚಲಿಲ್ಲ. ಮರದೊಳಗೆ ಟಕ್ ಎಂದಿತು. ಮತ್ತೆ ಟಕ್. ಯಾರೋ ಒಳಗಿನಿಂದ ಮೊಳೆ ಹೊಡೆಯುತ್ತಿದ್ದಾರೆ. ಪ್ರತಿ ಏಟಿಗೆ ಒಂದು ಗೆಣ್ಣು ಬಾಗಿತು. ಕಿರುಬೆರಳು. ಉಂಗುರ ಬೆರಳು. ನಡುಬೆರಳು. ಎಡಗೈಯಿಂದ ತಡವಿದಳು. ಬೆರಳು ಉದ್ದ. ಗಂಟು ಗಂಟು. ತನ್ನದಲ್ಲ. ಕೊನೆಯ ಏಟು ತೋರುಬೆರಳಿಗೆ ಬಿತ್ತು.

ಕೈಗೆ ಅಂಟಿದ ಹಿಡಿಯೊಂದಿಗೇ ಬಾಗಿಲನ್ನು ಭುಜದಿಂದ ಗುದ್ದಿ ಹಿತ್ತಲಿಗೆ ಓಡಿದಳು. "ರೋಹಿತ್," ಎಂದು ಕರೆಯಲು ಬಾಯಿ ತೆರೆದವಳು ಅಲ್ಲೇ ನಿಂತಳು.

ರೋಹಿತ್ ಬಾವಿಯಿಂದ ನೀರು ಸೇದುತ್ತಿದ್ದ. ಎರಡೂ ಕೈಯಲ್ಲಿ. ಬಲಗೈ ಹಗ್ಗವನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತಿತ್ತು. ಅವಳನ್ನು ಕಂಡು ಹಗ್ಗ ಬಿಟ್ಟ. ಕೊಡಪಾನ ಬಾವಿಗೆ ಬಿತ್ತು.

"ಯಾವಾಗಿನಿಂದ?" ಎಂದಳು.

"ನೀನು ಕೆತ್ತಲಿಕ್ಕೆ ಶುರು ಮಾಡಿದ ದಿನದಿಂದ. ನಿನ್ನೆದುರು ಮಡಚಿಯೇ ಇಡ್ತಿದ್ದೆ."

"ನಿನಗೆ ಗೊತ್ತಿತ್ತಾ?"

ಅವನು ನೆಲ ನೋಡಿದ. "ಅಮ್ಮ ಮೂರು ಸಲ ಬೇಡ ಅಂತ ಹೇಳಿದ್ದಾರೆ ಅಲ್ವಾ? ನಾವು ಯಾರೂ ಸುಳ್ಳು ಹೇಳಲಿಲ್ಲ."

ಒಂದು ಕ್ಷಣದಲ್ಲಿ ಎಲ್ಲ ಕಂಡಿತು ಅವಳಿಗೆ. ಅಟ್ಟದ ತುಂಬ ಧೂಳಿದ್ದರೂ ಆ ಮರದ ಮೇಲೆ ಧೂಳಿರಲಿಲ್ಲ. ರೈಫಲಿನ ಹಿಡಿಯಷ್ಟೇ ಉದ್ದಕ್ಕೆ ಅದನ್ನು ಮೊದಲೇ ಯಾರೋ ಕೊಯ್ದಿಟ್ಟಿದ್ದರು. ಮತ್ತೆ, ಅವತ್ತು ರೈಫಲ್ ಜಾರಿದ್ದು ಇವನ ಎಡಗೈಯಿಂದ. ಸರಿಯಿದ್ದ ಕೈಯಿಂದ.

ಬಚ್ಚಲ ಒಲೆಯ ಹತ್ತಿರ ಬೀಡಿ ಹಚ್ಚುತ್ತಿದ್ದ ಮುದ್ದಣ್ಣನೇ ಉಳಿದದ್ದನ್ನು ಹೇಳಿದರು, ಮಳೆ ಬೆಳೆಯ ಮಾತಿನಷ್ಟು ಮೆಲ್ಲಗೆ. "ಕಾರ್ಕಳದ ಕಡೆಯ ಮಂತ್ರವಾದಿ ಹೇಳಿದ್ದು. ಹೇಳದೆ ಕೊಟ್ಟರೆ ಕೊಟ್ಟವರಿಗೇ ತಿರುಗ್ತದೆ. ಸಾಕ್ಷಿಯ ಎದುರು ಮೂರು ಸಲ ಬೇಡ ಅನ್ನಬೇಕು. ಮತ್ತೂ ತಮ್ಮ ಕೈಯಾರೆ ತೆಗೆದುಕೊಂಡರೆ ಅದು ಅವರದ್ದು. ನಂಬುವವರು ಮುಟ್ಟುವುದಿಲ್ಲ ಮಾರಾಯ್ತಿ. ನಂಬದವರು ಬೇಕಿತ್ತು."

"ಅದಕ್ಕೇ ನಂಬದ ಸೊಸೆಯನ್ನು ಹುಡುಕಿದಿರಾ?"

ಮುದ್ದಣ್ಣ ಬೀಡಿಯ ಬೂದಿ ಕೊಡವಿದರು. ರೋಹಿತ್ ಬಾವಿಯ ಕಡೆ ತಿರುಗಿದ. ಬೆರಳು ಹೋದದ್ದಕ್ಕಿಂತ ಹೆಚ್ಚು ನೋವಾದದ್ದು ಆಗ. ಎಂಟು ತಿಂಗಳು ತಲೆಗೆ ಹಚ್ಚಿದ ಎಣ್ಣೆ, ಮಗಾ ಎಂಬ ಕರೆ, ಎಲ್ಲ ಕುರಿಗೆ ಹಾಕಿದ ಸೊಪ್ಪು.

ಎಡಗೈಯಿಂದ ಹಿಡಿಯನ್ನು ಕಿತ್ತಳು. ಅಂಗೈಯ ಚರ್ಮ ಮರಕ್ಕೆ ಅಂಟಿಕೊಂಡು ಬಂತು. ಒಲೆಯ ಕಡೆ ನಡೆದಳು.

ಮುದ್ದಣ್ಣ ಎದ್ದು ನಿಂತರು. "ಒಲೆಗೆ ಹಾಕಬೇಡ. ಅದು ಸುಟ್ಟರೆ ಅದು ಹಿಡಿದ ಕೈಗಳೆಲ್ಲ ಸುಡ್ತವೆ. ನಿನ್ನದೂ, ಇವನದೂ."

"ಸುಡಲಿ," ಎಂದು ಬೆಂಕಿಗೆ ನೂಕಿದಳು.

ಕೂದಲು ಸುಟ್ಟ ವಾಸನೆ. ಕಪ್ಪು ಹೊಗೆ. ರೋಹಿತ್ ಬಲಗೈ ಹಿಡಿದು ನೆಲಕ್ಕೆ ಬಿದ್ದು ಕೂಗಿದ. ಚೈತಾಲಿಯ ಅಂಗೈಯಲ್ಲೂ ಗುಳ್ಳೆಗಳು ಎದ್ದವು. ಮಗನ ಕೂಗಿಗೆ ಮೋಹಿನಿ ಜಗಲಿಯಿಂದ ಓಡಿ ಬಂದಳು, ಮಡಿಲಿನ ಮೊಗ್ಗೆಲ್ಲ ಚೆಲ್ಲಿ. ನೋಡಿದಳು. ನೇರ ಒಲೆಗೆ ಕೈ ಚಾಚಿದಳು.

"ಬೇಡ ಅತ್ತೆ."

ಅದು ಚೈತಾಲಿಯ ಬಾಯಿಂದ ತಾನಾಗಿ ಬಂದ ಮಾತು. ಬೆಂಕಿಗೆ ಕೈಯಿಡುವವರನ್ನು ಕಂಡರೆ ಯಾರ ಬಾಯಲ್ಲೂ ಬರುವ ಮಾತು. ಮೋಹಿನಿಯ ಕೈ ಗಾಳಿಯಲ್ಲೇ ನಿಂತಿತು. ತಿರುಗಿ ನೋಡಿದಳು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

"ಬೇಡ ಅತ್ತೆ," ಎಂದಳು ಚೈತಾಲಿ. ಈ ಸಲ ಮೆಲ್ಲಗೆ.

ರೋಹಿತ್ ಅಮ್ಮಾ ಎಂದು ಕೂಗಿದ. ಮೋಹಿನಿಯ ಕಣ್ಣು ಒಮ್ಮೆ ಮಗನ ಕಡೆ, ಒಮ್ಮೆ ಸೊಸೆಯ ಕಡೆ ಹೋಯಿತು. ಆ ಕಣ್ಣಿನಲ್ಲಿ ಬೇಡಿಕೆಯಿತ್ತು. ಎರಡಕ್ಕೇ ನಿಲ್ಲಿಸು ಎಂಬ ಬೇಡಿಕೆ.

ಚೈತಾಲಿ ಮುದ್ದಣ್ಣನ ಮುಖ ನೋಡಿದಳು, ಅವರು ಕೇಳುತ್ತಿದ್ದಾರೆಂದು ಖಾತ್ರಿ ಮಾಡಿಕೊಂಡಳು.

"ಬೇಡ ಅತ್ತೆ."

ಮೋಹಿನಿ ಬೆಂಕಿಗೆ ಕೈ ಹಾಕಿದಳು. ಹೊಗೆಯಾಡುವ ಮರವನ್ನು ಹೊರಗೆಳೆದು ಎದೆಗವಚಿಕೊಂಡಳು. ರೋಹಿತನ ಕೂಗು ನಿಂತಿತು. ಚೈತಾಲಿಯ ಬೆರಳು ಒಂದೊಂದಾಗಿ ಬಿಚ್ಚಿತು. ತೋರುಬೆರಳು ಕೊನೆಗೆ ಬಿಚ್ಚಿತು. ನಾಲ್ಕು ಮೊಳೆ ಹೊಡೆದ ಸದ್ದು ಕೇಳಿತು, ಮೋಹಿನಿಯ ಬೆರಳು ಮರದ ಸುತ್ತ ಸುತ್ತಿಕೊಂಡವು. ಅವಳು ಕೂಗಲಿಲ್ಲ. ಸೊಸೆಯನ್ನೇ ನೋಡುತ್ತಿದ್ದಳು.

"ಮೂರನೆಯದು ಯಾಕೆ ಹೇಳಿದೆ ಮಗಾ?" ಎಂದು ಕೇಳಿದಳು.