ಒಗ್ಗರಣೆ ಹೊತ್ತಿನ ಎಲ್‌ಕೆಜಿ

ಬೆಳಗ್ಗೆ ಹನ್ನೊಂದಕ್ಕೆ ಅಂಗನವಾಡಿ ಸಹಾಯಕಿ ಚಿಕ್ಕಬೋರಮ್ಮ ಸಾರಿಗೆ ಚುಯ್ ಎಂದು ಒಗ್ಗರಣೆ ಹಾಕಿದರೆ ಸಾಕು, ಪಕ್ಕದ ಶಾಲೆಯ ಎಲ್‌ಕೆಜಿ ಖಾಲಿ. ಹನ್ನೊಂದು ಮಕ್ಕಳೂ ಕಾಂಪೌಂಡಿನ ಮುರಿದ ಸಂದಿನಲ್ಲಿ ನುಸುಳಿ ಅಂಗನವಾಡಿಗೆ ಓಡುತ್ತಿದ್ದವು. ಹಿಂದೆಯೇ ಅವುಗಳ ಮೇಷ್ಟ್ರು ಮಧುಕರ. ಸಂದಿನಲ್ಲಿ ಅವನು ತೂರಲಾರ, ಹಾಗಾಗಿ ಗೋಡೆ ಹಾರುತ್ತಿದ್ದ.

"ಗೇಟು ಅಂತ ಒಂದಿದೆ ಸಾರ್," ಎಂದಳು ಅಂಗನವಾಡಿ ಟೀಚರ್ ರಂಜನಿ, ಮೊದಲ ದಿನ.

"ಗೇಟಿಂದ ಸುತ್ಕೊಂಡು ಬರೋಷ್ಟ್ರಲ್ಲಿ ನನ್ನ ಸ್ಕೂಲು ಇಲ್ಲಿ ಊಟಕ್ಕೆ ಕೂತಿರುತ್ತೆ ಮಿಸ್."

ಅವಳಿಗೆ ನಗು ಬಂತು. ನಗಬಾರದೆಂದು ಸೌಟು ಹಿಡಿದು ಅತ್ತ ತಿರುಗಿದಳು. ಕಿವಿಯ ಜುಮುಕಿ ಮಾತ್ರ ನಗುತ್ತಲೇ ಇತ್ತು. ಮಧುಕರ ಅದನ್ನೇ ನೋಡುತ್ತ ನಿಂತ.

ಅವಳಿಗೆ ಅವನ ಮೇಲೆ ಸಿಟ್ಟು ಇರಬೇಕಾಗಿತ್ತು. ಶಾಲೆಯಲ್ಲಿ ಎಲ್‌ಕೆಜಿ ತೆರೆದದ್ದೇ ತಡ, ಟೈ ಬೆಲ್ಟ್ ನೋಡಿ ತಾಯಂದಿರೆಲ್ಲ ಮಕ್ಕಳನ್ನು ಅಲ್ಲಿಗೆ ಸೇರಿಸಿದ್ದರು. ಮೂರು ವರ್ಷದ ಮಗುವಿಗೆ ಟೈ ಕಟ್ಟಿದರೆ ಅದು ಮೂಗು ಒರೆಸಲು ಬಟ್ಟೆ ಸಿಕ್ಕಿತು ಎಂದುಕೊಳ್ಳುತ್ತದೆ. ತಾಯಿಗೆ ಅದು ಗೊತ್ತಾಗಲು ಒಂದು ವರ್ಷ ಬೇಕು. ರಂಜನಿಯ ಹಾಜರಿಯಲ್ಲಿ ಉಳಿದದ್ದು ಏಳು ಹೆಸರು. ಹತ್ತಕ್ಕಿಂತ ಕಡಿಮೆಯಿದ್ದರೆ ಕೇಂದ್ರ ಮುಚ್ಚಿ ಅವಳನ್ನು ಬಸರಾಳು ಕಡೆಗೆ ಕಳಿಸುತ್ತಾರಂತೆ. ಸೋಮವಾರ ತಪಾಸಣೆ.

ಆದರೆ ಅವನ ಮೇಲೆ ಸಿಟ್ಟು ನಿಲ್ಲುತ್ತಿರಲಿಲ್ಲ. ಮಕ್ಕಳು ಅತ್ತರೆ ಅವನೂ ಅಳುವ ಮುಖ ಮಾಡುತ್ತಿದ್ದ. ಚಿಕ್ಕಬೋರಮ್ಮ ತನ್ನ ಬುತ್ತಿಯಿಂದ ಕೊಟ್ಟ ಮುದ್ದೆಯನ್ನು ಪುಟಾಣಿ ಕುರ್ಚಿಯಲ್ಲಿ ಮಡಚಿ ಕೂತು ನುಂಗುತ್ತಿದ್ದ. ಮಕ್ಕಳ ತೂಕ ನೋಡುವ ದಿನ ರಂಜನಿ ಅವನನ್ನೂ ತಕ್ಕಡಿ ಮೇಲೆ ನಿಲ್ಲಿಸಿದಳು.

"ಒಂದು ತಿಂಗಳಿಗೆ ಎರಡು ಕೆಜಿ! ನನ್ನ ಕೇಂದ್ರದಲ್ಲಿ ಚೆನ್ನಾಗಿ ಬೆಳೀತಿರೋ ಮಗು ನೀವೇ."

"ಹಾಗಾದ್ರೆ ಹಾಜರಿಗೆ ಹಾಕ್ಕೊಳ್ಳಿ. ಎಂಟಾಗುತ್ತೆ."

ಅವಳ ನಗು ನಿಂತಿತು. ಲೆಕ್ಕ ಅವನಿಗೂ ಗೊತ್ತಿದೆ.

ಸೋಮವಾರ ಒಗ್ಗರಣೆ ಹೊತ್ತಿಗೇ ಸೂಪರ್‌ವೈಸರ್ ಪಂಕಜಮ್ಮ ಬಂದಿಳಿದರು. ಒಳಗೆ ಹದಿನೆಂಟು ಮಕ್ಕಳು, ಹನ್ನೊಂದರ ಕೊರಳಲ್ಲಿ ಟೈ.

"ಟೈ ಬಿಚ್ಚಾಕವ್ವ, ಎಲ್ಲಾ ನಮ್ವೇ ಅನ್ಬುಡು," ಎಂದು ಪಿಸುಗುಟ್ಟಿದಳು ಚಿಕ್ಕಬೋರಮ್ಮ.

"ಸುಳ್ಳು ಬರೆಯಲ್ಲ ಬೋರಮ್ಮ."

ಅಷ್ಟರಲ್ಲಿ ಮಧುಕರ ಟೈಗಳನ್ನೆಲ್ಲ ಬಿಚ್ಚಿ ಪ್ಯಾಂಟಿನ ಜೇಬಿಗೆ ತುರುಕಿಬಿಟ್ಟಿದ್ದ. ಒಂದು ಮಾತ್ರ ಬಾಲದ ಹಾಗೆ ನೇತಾಡುತ್ತಿತ್ತು.

"ಏನ್ರೀ ಅದು?" ಎಂದರು ಪಂಕಜಮ್ಮ.

"ನಮ್ ಟೈ! ಮೇಷ್ಟ್ರು ಕಿತ್ಕೊಂಡ್ರು!" ತನ್ಮಯಿ ಎಂಬ ಪುಟ್ಟಿ ಕೂಗಿದಳು. "ಅವ್ರು ದಿನಾ ಇಲ್ಗೇ ಬತ್ತಾರೆ. ಮಿಸ್ಸುನ್ನೇ ನೋಡ್ತಾ ಕೂತ್ಕತಾರೆ!"

ಚಿಕ್ಕಬೋರಮ್ಮ ಸೆರಗು ಬಾಯಿಗಿಟ್ಟುಕೊಂಡಳು. ರಂಜನಿ ಗೋಡೆಯ ಮೇಲಿನ ಹಣ್ಣುಗಳ ಚಿತ್ರವನ್ನು ಹೊಸದಾಗಿ ನೋಡತೊಡಗಿದಳು.

ಮಧುಕರನ ಕಿವಿ ಕೆಂಪಾಯಿತು, ಮಾತು ಮಾತ್ರ ನೆಟ್ಟಗಿತ್ತು. "ತಪ್ಪು ನಂದು ಮೇಡಂ. ನಾನು ಅಕ್ಷರ ಕಲಿಸಬಲ್ಲೆ. ಆದ್ರೆ ಮಗು ಮೊದ್ಲು ಅಳು ನಿಲ್ಲಿಸಬೇಕಲ್ಲ, ಅದು ನಂಗೆ ಬರಲ್ಲ. ಇವರಿಗೆ ಬರುತ್ತೆ. ಎಲ್‌ಕೆಜಿ ಇಲ್ಲೇ ನಡೀಲಿ, ಇವರೇ ನಡೆಸಲಿ. ಬರೆದು ಕೊಡ್ತೀನಿ."

"ಬರೆದುಕೊಟ್ರೆ ಇಲ್ಲಿ ನಿಮ್ಮ ಕೆಲಸ ಹೋಗುತ್ತೆ."

"ಮಳವಳ್ಳಿ ಕಡೆ ಒಂದು ಶಾಲೇಲಿ ಜಾಗ ಇದೆಯಂತೆ."

ಪಂಕಜಮ್ಮ ಅವನನ್ನೂ ಅವಳನ್ನೂ ನೋಡಿದರು. "ಬರೀರಿ. ಒಪ್ಪಿಸೋದು ನನಗೆ ಬಿಡಿ."

ಎರಡು ವಾರಕ್ಕೆ ಆದೇಶ ಬಂತು. ಎಲ್‌ಕೆಜಿ ಅಂಗನವಾಡಿಗೆ ಸೇರಿತು, ಕೇಂದ್ರ ಉಳಿಯಿತು. ಮಧುಕರ ಚೀಲ ಹೆಗಲಿಗೆ ಹಾಕಿ, ಅಭ್ಯಾಸ ಬಲದಿಂದ ಗೋಡೆ ಹಾರಿಯೇ ಬಂದ.

"ಹೊರಟೆ ಮಿಸ್. ಇನ್ನು ಈ ಗೋಡೆ ಸಿಗಲ್ಲ."

"ಕೆಲಸ ಯಾಕೆ ಬಿಟ್ರಿ?"

"ನಿಮ್ಮನ್ನ ಬಸರಾಳಿಗೆ ಕಳಿಸಿ, ನಾನಿಲ್ಲಿ ಒಗ್ಗರಣೆ ವಾಸನೆ ಇಲ್ದೆ ಏನ್ ಮಾಡ್ಲಿ?"

ರಂಜನಿಯ ಕಣ್ಣು ತುಂಬಿತು. ತೋರಿಸಬಾರದೆಂದು ತನ್ಮಯಿಯನ್ನು ಹಿಡಿದು ಅವಳ ಟೈಯಿಂದಲೇ ಅವಳ ಮೂಗು ಒರೆಸಿದಳು.

"ಭಾನುವಾರ ನಮ್ಮನೆಗೆ ಬನ್ನಿ. ಅಪ್ಪ ಇರ್ತಾರೆ."

ಅವನಿಗೆ ಚೀಲ ಹೆಗಲಿನಿಂದ ಜಾರಿದ್ದೂ ತಿಳಿಯಲಿಲ್ಲ. "ಬ... ಬರ್ತೀನಿ."

"ನಿಮ್ಮ ಅಮ್ಮನ್ನೂ ಕರ್ಕೊಂಡು ಬನ್ನಿ," ಎಂದಳು, ಜುಮುಕಿ ನಗುತ್ತಿತ್ತು. "ಅದಕ್ಕೇ ಹೇಳ್ತಿರೋದು, ಗೇಟಿಂದ ಬನ್ನಿ."